ವಿದೇಶಿ ಶಾಲೆಯಲ್ಲಿ ಶಿಕ್ಷಕ ಹುದ್ದೆ: ಅರ್ಜಿಗೆ ಮುನ್ನ ಅರಿಯಬೇಕಾದ ಸಂಗತಿಗಳು

ಬೆಂಗಳೂರು: ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಹತ್ತು ವರ್ಷ ಗಣಿತ ಬೋಧಿಸಿರುವ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಕೈಗೆ ಬರುವ ಸಂಬಳ ಮನೆ ಬಾಡಿಗೆ ಹಾಗೂ ಮಕ್ಕಳ ಶುಲ್ಕಕ್ಕೇ ಸರಿಹೋಗುತ್ತಿದೆ. ಒಂದು ಸಂಜೆ ಅವರ ಮೊಬೈಲಿಗೆ ಸಂದೇಶವೊಂದು ಬರುತ್ತದೆ. 'ದುಬೈ ಶಾಲೆಗೆ ಶಿಕ್ಷಕಿಯರು ಬೇಕಾಗಿದ್ದಾರೆ. ಸಂದರ್ಶನವಿಲ್ಲ. ವೀಸಾ, ವಸತಿ, ವಿಮಾನ ಟಿಕೆಟ್ ಉಚಿತ. ನೋಂದಣಿ ಶುಲ್ಕ ಮಾತ್ರ ಪಾವತಿಸಿ.'

ಈ ಸಂದೇಶಕ್ಕೆ ಎರಡು ಬಗೆಯ ಪ್ರತಿಕ್ರಿಯೆ ಸಾಧ್ಯ. ಹಣ ಕಟ್ಟಿ ಕನಸು ಕಾಣುವುದು ಒಂದು. ವಿದೇಶದ ಕೆಲಸವೆಂದರೆ ಎಲ್ಲವೂ ಮೋಸವೆಂದು ಕೈ ತೊಳೆದುಕೊಳ್ಳುವುದು ಇನ್ನೊಂದು. ಎರಡೂ ತಪ್ಪು. ವಿದೇಶದ ಶಾಲೆಗಳಲ್ಲಿ ಭಾರತೀಯ ಶಿಕ್ಷಕರಿಗೆ ಕೆಲಸವಿರುವುದು ನಿಜ. ಪ್ರತಿವರ್ಷ ಅನೇಕರು ಕ್ರಮಬದ್ಧವಾಗಿ ಅರ್ಜಿ ಸಲ್ಲಿಸಿ ಹೋಗುತ್ತಿರುವುದೂ ನಿಜ. ಆದರೆ ನಿಜವಾದ ಕೆಲಸವು ಅಭ್ಯರ್ಥಿಯಿಂದ ಮೊದಲು ಕೇಳುವುದು ಕಾಗದ ಪತ್ರಗಳನ್ನೇ ಹೊರತು ಹಣವನ್ನಲ್ಲ. ಈ ಕ್ರಮ ಎಲ್ಲಿ ತಲೆಕೆಳಗಾಗಿದೆಯೋ ಅಲ್ಲಿ ಅಪಾಯವಿದೆ ಎಂದು ತಿಳಿಯಬೇಕು. ಆ ಕ್ರಮವೇನು, ಯಾವ ದೇಶ ಏನನ್ನು ಕೇಳುತ್ತದೆ, ಯಾವ ಹಂತದಲ್ಲಿ ಎಷ್ಟು ಖರ್ಚು ಬರುತ್ತದೆ ಎಂಬುದರ ವಿವರ ಇಲ್ಲಿದೆ.

ಎಲ್ಲಿದೆ ಬೇಡಿಕೆ?

ಕರ್ನಾಟಕದ ಶಿಕ್ಷಕರಿಗೆ ಹತ್ತಿರದ ಬಾಗಿಲು ಕೊಲ್ಲಿ ರಾಷ್ಟ್ರಗಳದು. ಮಂಗಳೂರು, ಉಡುಪಿ, ಭಟ್ಕಳ ಭಾಗದ ಜನರಿಗೆ ಈ ದಾರಿ ಹೊಸದೇನಲ್ಲ. ಸಿಬಿಎಸ್‌ಇ ಮಂಡಳಿಗೆ ಸಂಯೋಜನೆಗೊಂಡ ಇನ್ನೂರಕ್ಕೂ ಹೆಚ್ಚು ಶಾಲೆಗಳು ಹೊರದೇಶಗಳಲ್ಲಿದ್ದು, ಅವುಗಳಲ್ಲಿ ಬಹುಪಾಲು ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ, ಒಮಾನ್, ಕುವೈತ್, ಕತಾರ್, ಬಹರೇನ್ ದೇಶಗಳಲ್ಲಿವೆ. ಸೌದಿಯ ಜೆಡ್ಡಾ, ರಿಯಾದ್, ದಮ್ಮಾಮ್ ನಗರಗಳಲ್ಲಿ ಭಾರತೀಯ ರಾಯಭಾರ ಕಚೇರಿಯ ಆಶ್ರಯದ ಶಾಲೆಗಳಿವೆ. ಇಲ್ಲಿ ಬಿ.ಇಡಿ. ಪದವಿಗೂ ಸಿಬಿಎಸ್‌ಇ ಬೋಧನಾನುಭವಕ್ಕೂ ನೇರ ಬೆಲೆಯಿದೆ. ಗಣಿತ, ವಿಜ್ಞಾನ ಮಾತ್ರವಲ್ಲದೆ ಹಿಂದಿ, ಸಮಾಜ ವಿಜ್ಞಾನ, ಶಿಶುವಿಹಾರ ಶಿಕ್ಷಕರಿಗೂ ಅವಕಾಶಗಳಿರುತ್ತವೆ.

ಎರಡನೆಯದು ಇಂಗ್ಲೆಂಡ್. ಅಲ್ಲಿನ ಪ್ರೌಢಶಾಲೆಗಳಿಗೆ ಗಣಿತ ಮತ್ತು ಭೌತವಿಜ್ಞಾನ ಬೋಧಿಸುವವರ ಕೊರತೆ ಬಹುಕಾಲದ್ದು. ಈ ಕಾರಣದಿಂದ 2023ರಲ್ಲಿ ಭಾರತೀಯ ಶಿಕ್ಷಕರಿಗೆ ಹೊಸ ದಾರಿಯೊಂದು ತೆರೆಯಿತು. ಅಮೆರಿಕ ಮತ್ತು ಮಾಲ್ಡೀವ್ಸ್ ನಂತರದ ಸಾಲಿನಲ್ಲಿ ಬರುತ್ತವೆ.

ಕನ್ನಡ ಶಿಕ್ಷಕರಿಗೆ ವಿದೇಶದಲ್ಲಿ ಹುದ್ದೆ ಇದೆಯೇ ಎಂಬ ಪ್ರಶ್ನೆ ಸಹಜ. ದುಬೈ, ಅಮೆರಿಕ, ಬ್ರಿಟನ್ ಮುಂತಾದೆಡೆ ಕನ್ನಡ ಸಂಘಟನೆಗಳು ವಾರಾಂತ್ಯದ ತರಗತಿಗಳನ್ನು ನಡೆಸುತ್ತಿವೆ. ಆದರೆ ಅವು ಬಹುತೇಕ ಸ್ವಯಂಸೇವೆಯಿಂದ ನಡೆಯುವಂಥವು. ವೀಸಾ ಕೊಡಿಸುವ ಉದ್ಯೋಗಗಳಲ್ಲ.

ಹೆಸರು ಒಂದೇ ಇರಲಿ

ಅರ್ಜಿ ಬರೆಯುವ ಮೊದಲು ಅಭ್ಯರ್ಥಿಯು ತನ್ನ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೇ ಒಂದು ಸಂಗತಿಯನ್ನು ನೋಡಬೇಕು. ಎಲ್ಲದರಲ್ಲೂ ಹೆಸರು ಒಂದೇ ರೀತಿಯಲ್ಲಿದೆಯೇ?

ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ತಂದೆಯ ಮತ್ತು ಊರಿನ ಮೊದಲಕ್ಷರಗಳಿರುತ್ತವೆ. ಪದವಿ ಪ್ರಮಾಣಪತ್ರದಲ್ಲಿ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ವಿಸ್ತಾರಗೊಂಡು ಕುಲನಾಮದ ಜಾಗದಲ್ಲಿ ಕೂತಿರುತ್ತದೆ. ವಿವಾಹಾನಂತರ ಆಧಾರ್ ಚೀಟಿಯಲ್ಲಿ ಪತಿಯ ಹೆಸರು ಸೇರಿಕೊಂಡಿರುತ್ತದೆ. ಇವೆಲ್ಲ ಒಬ್ಬರದೇ ಎಂಬುದು ಊರಿನವರಿಗೆ ಗೊತ್ತು. ಬೇರೆ ದೇಶದ ವೀಸಾ ಅಧಿಕಾರಿಗೆ ಗೊತ್ತಿರುವುದಿಲ್ಲ.

ಕುಲನಾಮದ ಜಾಗ ಖಾಲಿಯಿರುವ ಪಾಸ್‌ಪೋರ್ಟಿನ ತೊಂದರೆ ಇನ್ನೂ ಸ್ಪಷ್ಟವಾದದ್ದು. ಒಂದೇ ಹೆಸರುಳ್ಳ ಪಾಸ್‌ಪೋರ್ಟಿನೊಂದಿಗೆ ಸಂದರ್ಶನ ವೀಸಾದ ಮೇಲೆ ಬರುವವರಿಗೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಲ್ಲಿ ಪ್ರಕಟಿಸಿದಾಗ ದಕ್ಷಿಣ ಭಾರತದ ಅನೇಕ ಪ್ರಯಾಣಿಕರು ಗೊಂದಲಕ್ಕೆ ಸಿಲುಕಿದರು. ಪಾಸ್‌ಪೋರ್ಟಿನಲ್ಲಿ ಬೇರೆಡೆ ತಂದೆಯ ಹೆಸರಿದ್ದರೆ ಸಾಕೆಂಬ ಸ್ಪಷ್ಟನೆ ನಂತರ ಬಂದಿತಾದರೂ, ಇಂಥ ಸಮಸ್ಯೆಯನ್ನು ವಿಮಾನ ನಿಲ್ದಾಣದವರೆಗೆ ಹೊತ್ತೊಯ್ಯುವ ಬದಲು ಮೊದಲೇ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸರಿಪಡಿಸಿಕೊಳ್ಳುವುದು ಲೇಸು.

ಮೊಹರುಗಳ ಸರಪಣಿ

ಎರಡನೆಯ ಕೆಲಸ ಪ್ರಮಾಣಪತ್ರಗಳ ದೃಢೀಕರಣ. ನಿಮ್ಮ ವಿಶ್ವವಿದ್ಯಾಲಯದ ಪದವಿ ನಿಜವೇ ಎಂದು ವಿದೇಶದ ಶಾಲೆಯಾಗಲಿ ಸರ್ಕಾರವಾಗಲಿ ಖುದ್ದಾಗಿ ಬಂದು ನೋಡಲಾರದು. ಆದ್ದರಿಂದ ಒಂದು ಕಚೇರಿಯ ಮೊಹರನ್ನು ಅದಕ್ಕಿಂತ ಮೇಲಿನ ಕಚೇರಿ ದೃಢೀಕರಿಸುವ ಸರಪಣಿಯೊಂದಿದೆ. ಪದವಿ ಪ್ರಮಾಣಪತ್ರವನ್ನು ಮೊದಲು ರಾಜ್ಯ ಸರ್ಕಾರದ ನಿಗದಿತ ಅಧಿಕಾರಿ, ನಂತರ ಕೇಂದ್ರ ವಿದೇಶಾಂಗ ಸಚಿವಾಲಯ ದೃಢೀಕರಿಸುತ್ತವೆ. ಇಲ್ಲಿಂದ ಮುಂದೆ ದಾರಿ ಎರಡಾಗುತ್ತದೆ.

ಹೋಗುವ ದೇಶ ಹೇಗ್ ಅಪೋಸ್ಟಿಲ್ ಒಪ್ಪಂದದ ಸದಸ್ಯನಾಗಿದ್ದರೆ ಸಚಿವಾಲಯವು ಅಂಟಿಸುವ 'ಅಪೋಸ್ಟಿಲ್' ಎಂಬ ಚೀಟಿಯೇ ಅಂತಿಮ. ಮುಂದೆ ಯಾವ ರಾಯಭಾರ ಕಚೇರಿಗೂ ಅಲೆಯಬೇಕಿಲ್ಲ. ಭಾರತ ಈ ಒಪ್ಪಂದವನ್ನು 2005ರಲ್ಲಿ ಸೇರಿತು. ಬ್ರಿಟನ್, ಅಮೆರಿಕ ಇದರಲ್ಲಿವೆ. ಕೊಲ್ಲಿ ರಾಷ್ಟ್ರಗಳ ಪೈಕಿ ಒಮಾನ್ ಮತ್ತು ಬಹರೇನ್ ದಶಕದ ಹಿಂದೆಯೇ ಸೇರಿದ್ದರೆ, ಸೌದಿ ಅರೇಬಿಯಾದಲ್ಲಿ ಒಪ್ಪಂದವು 2022ರ ಡಿಸೆಂಬರ್‌ನಿಂದ ಜಾರಿಗೆ ಬಂದಿದೆ. ಸದಸ್ಯತ್ವ ಪಡೆಯದ ದೇಶಗಳಿಗೆ ಹೋಗುವವರು ಸಚಿವಾಲಯದ ಮೊಹರಿನ ನಂತರ ಆ ದೇಶದ ರಾಯಭಾರ ಕಚೇರಿಯ ಮೊಹರನ್ನೂ, ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮೊಹರನ್ನೂ ಪಡೆಯಬೇಕಾಗುತ್ತದೆ. ಸಂಯುಕ್ತ ಅರಬ್ ಸಂಸ್ಥಾನದ ಶಾಲೆಗಳು ಪದವಿಗಳಿಗೆ ಕೇಳುವುದು ಈ ಸರಪಣಿಯನ್ನೇ.

ಇಲ್ಲೊಂದು ಸಣ್ಣ ಸಂಗತಿ ಬಹಳ ಮಂದಿಗೆ ತೊಡಕಾಗುತ್ತದೆ. ಹಾಳಾಗದಿರಲೆಂದು ಪದವಿ ಪತ್ರವನ್ನು ಲ್ಯಾಮಿನೇಷನ್ ಮಾಡಿಸಿಡುವ ರೂಢಿ ನಮ್ಮಲ್ಲಿದೆ. ಪ್ಲಾಸ್ಟಿಕ್ ಹೊದಿಕೆಯ ಮೇಲೆ ಮೊಹರು ನಿಲ್ಲುವುದಿಲ್ಲ. ಅಂಥವರು ಹೊದಿಕೆಯನ್ನು ಹರಿಯದಂತೆ ಬಿಡಿಸಬೇಕು ಇಲ್ಲವೇ ವಿಶ್ವವಿದ್ಯಾಲಯದಿಂದ ಎರಡನೆಯ ಪ್ರತಿ ಪಡೆಯಬೇಕು. ಘಟಿಕೋತ್ಸವದ ಪ್ರಮಾಣಪತ್ರವನ್ನೇ ಇನ್ನೂ ಪಡೆಯದೆ ತಾತ್ಕಾಲಿಕ ಪತ್ರದಲ್ಲಿ ದಿನ ದೂಡಿರುವವರೂ ಕಡಿಮೆಯಿಲ್ಲ. ಅವರು ಇಂದೇ ಅರ್ಜಿ ಹಾಕುವುದು ಒಳಿತು, ಏಕೆಂದರೆ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕಡತ ಸಾಗುವ ವೇಗ ವೀಸಾ ಗಡುವಿಗೆ ಕಾಯುವುದಿಲ್ಲ.

ಅನುಭವ ಪತ್ರ, ನಡತೆ ಪತ್ರ

ಕೆಲಸ ಮಾಡಿದ ಶಾಲೆಯ ಅನುಭವ ಪತ್ರದಲ್ಲಿ ಸೇರಿದ ಹಾಗೂ ಬಿಟ್ಟ ದಿನಾಂಕ, ಬೋಧಿಸಿದ ವಿಷಯ, ತರಗತಿ ಮತ್ತು ಪೂರ್ಣಾವಧಿ ಸೇವೆ ಎಂಬ ಉಲ್ಲೇಖ ಇರಲೇಬೇಕು. 'ನಮ್ಮಲ್ಲಿ ತೃಪ್ತಿಕರವಾಗಿ ಸೇವೆ ಸಲ್ಲಿಸಿರುತ್ತಾರೆ' ಎಂಬ ಎರಡು ಸಾಲಿನ ಪತ್ರ ಉಪಯೋಗಕ್ಕೆ ಬಾರದು. ಖಾಸಗಿ ಶಾಲೆಯ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಪಡೆದಿಟ್ಟುಕೊಂಡರೆ ಮುಂದೆ ಅನುಕೂಲ. ಮುಖ್ಯೋಪಾಧ್ಯಾಯರೊಂದಿಗೆ ಮನಸ್ತಾಪ ಮಾಡಿಕೊಂಡು ಶಾಲೆ ಬಿಟ್ಟವರಿಗೆ ಈ ಪತ್ರವೇ ದೊಡ್ಡ ಅಡ್ಡಿಯಾಗಬಹುದು.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ ಪಡೆಯಬಹುದು. ಸರ್ಕಾರಿ ಶುಲ್ಕ 500 ರೂಪಾಯಿ. ಈ ಪತ್ರದ ಮಾನ್ಯತೆಯ ಅವಧಿ ಸೀಮಿತವಾದ್ದರಿಂದ ಕೆಲಸ ಖಚಿತವಾದ ಮೇಲೆ ಪಡೆಯುವುದು ಜಾಣತನ.

ಸರ್ಕಾರಿ ಶಾಲೆಯ ಶಿಕ್ಷಕರಿಗೆ ಇನ್ನೊಂದು ಕಟ್ಟಳೆಯಿದೆ. ಇಲಾಖೆಯ ಪೂರ್ವಾನುಮತಿಯಿಲ್ಲದೆ ಅವರು ಬೇರೆ ಉದ್ಯೋಗಕ್ಕೆ ಅರ್ಜಿ ಸಲ್ಲಿಸುವಂತಿಲ್ಲ, ವಿದೇಶಕ್ಕೆ ತೆರಳುವಂತಿಲ್ಲ. ದೀರ್ಘ ರಜೆ ಹಾಕಿ ಹೋಗಿ ಬರೋಣವೆಂದು ಹೊರಟವರು ಅನಧಿಕೃತ ಗೈರುಹಾಜರಿಯ ಕಾರಣಕ್ಕೆ ಇಲ್ಲಿನ ಹುದ್ದೆಯನ್ನೇ ಕಳೆದುಕೊಳ್ಳಬೇಕಾದೀತು.

ಕೊಲ್ಲಿಯ ಶಾಲೆಗಳಿಗೆ ಅರ್ಜಿ

ಕೊಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಶೈಕ್ಷಣಿಕ ವರ್ಷ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಬ್ರಿಟಿಷ್, ಅಮೆರಿಕನ್ ಪಠ್ಯಕ್ರಮದ ಶಾಲೆಗಳಲ್ಲಿ ಆಗಸ್ಟ್ ಅಂತ್ಯ ಅಥವಾ ಸೆಪ್ಟೆಂಬರ್‌ನಲ್ಲಿ. ನೇಮಕಾತಿ ಇದಕ್ಕೆ ಮೂರು ನಾಲ್ಕು ತಿಂಗಳು ಮೊದಲೇ ನಡೆಯುವುದರಿಂದ ನಮ್ಮ ಬೇಸಿಗೆ ರಜೆಯಲ್ಲಿ ಅರ್ಜಿ ಹಾಕಲು ಕೂತವರು ಭಾರತೀಯ ಶಾಲೆಗಳ ಸರದಿಯನ್ನು ತಪ್ಪಿಸಿಕೊಂಡಂತೆಯೇ.

ಹೆಚ್ಚಿನ ಶಾಲೆಗಳು ತಮ್ಮ ಜಾಲತಾಣದಲ್ಲಿಯೇ ಹುದ್ದೆಗಳನ್ನು ಪ್ರಕಟಿಸಿ ನೇರವಾಗಿ ಅರ್ಜಿ ಸ್ವೀಕರಿಸುತ್ತವೆ. ಅರ್ಜಿಯಲ್ಲಿ ವಿಷಯ, ತರಗತಿಗಳ ವ್ಯಾಪ್ತಿ, ಮಂಡಳಿ ಪರೀಕ್ಷೆಯ ಫಲಿತಾಂಶ ಇವು ಮೊದಲ ಪುಟದಲ್ಲಿಯೇ ಕಾಣಿಸಬೇಕು. ನಂತರ ವಿಡಿಯೊ ಮೂಲಕ ಸಂದರ್ಶನ ಮತ್ತು ಮಾದರಿ ಪಾಠ ಇರುತ್ತವೆ. ಪಾಠವನ್ನೇ ನೋಡದೆ ಶಿಕ್ಷಕರನ್ನು ಆಯ್ಕೆ ಮಾಡುವ ಶಾಲೆ ಸಾಮಾನ್ಯವಾಗಿ ಎಲ್ಲಿಯೂ ಇರುವುದಿಲ್ಲ ಎಂಬುದನ್ನು ನೆನಪಿಡಬೇಕು. ಆಯ್ಕೆಯಾದ ಮೇಲೆ ಸ್ಥಳೀಯ ಶಿಕ್ಷಣ ಪ್ರಾಧಿಕಾರದ ಅನುಮೋದನೆ ಬೇಕಾಗುತ್ತದೆ. ದುಬೈಯಲ್ಲಿ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಕೆಎಚ್‌ಡಿಎ ಎಂಬ ಪ್ರಾಧಿಕಾರದ್ದಾದರೆ, ಅಬುಧಾಬಿಯಲ್ಲಿ ಅಡೆಕ್ ಎಂಬ ಇಲಾಖೆಯದು. ಮೊಹರುಗಳ ಸರಪಣಿ ಉಪಯೋಗಕ್ಕೆ ಬರುವುದು ಈ ಹಂತದಲ್ಲಿ.

ಕರಾರು ಪತ್ರವನ್ನು ಓದುವಾಗ ಒಟ್ಟು ಸಂಬಳಕ್ಕಿಂತ ಮೂಲ ವೇತನ ಎಷ್ಟೆಂಬುದನ್ನು ಮೊದಲು ನೋಡಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2022ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನಂತೆ ಸೇವಾಂತ್ಯದ ಉಪದಾನವನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕಲಾಗುತ್ತದೆ. ಮೊದಲ ಐದು ವರ್ಷ ವರ್ಷಕ್ಕೆ 21 ದಿನಗಳ, ಆನಂತರ ವರ್ಷಕ್ಕೆ 30 ದಿನಗಳ ಮೂಲ ವೇತನ ಸಿಗುತ್ತದೆ. ಭತ್ಯೆಗಳನ್ನು ಉಬ್ಬಿಸಿ ಮೂಲ ವೇತನವನ್ನು ಕುಗ್ಗಿಸಿದ ಕರಾರು ತಿಂಗಳ ಕೊನೆಯಲ್ಲಿ ಒಂದೇ ಥರ ಕಂಡರೂ ಹತ್ತು ವರ್ಷದ ಕೊನೆಯಲ್ಲಿ ಬೇರೆಯಾಗಿಯೇ ಕಾಣುತ್ತದೆ. ಅದೇ ಕಾನೂನು ಪರೀಕ್ಷಾರ್ಥ ಅವಧಿಯನ್ನು ಆರು ತಿಂಗಳಿಗೆ ಮಿತಿಗೊಳಿಸಿದೆ. ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲು ಮಾಡುವುದನ್ನೂ ಅವರ ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವುದನ್ನೂ ನಿಷೇಧಿಸಿದೆ.

ವಸತಿ ಎಂದರೆ ಪ್ರತ್ಯೇಕ ಮನೆಯೋ ಹಂಚಿಕೊಳ್ಳುವ ಕೋಣೆಯೋ, ವಿಮಾನ ಟಿಕೆಟ್ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ, ಬೇಸಿಗೆ ರಜೆಯ ಸಂಬಳ ಮೊದಲ ವರ್ಷವೇ ಸಿಗುವುದೋ ಇಲ್ಲವೋ, ಸ್ವಂತ ಮಕ್ಕಳ ಶುಲ್ಕದಲ್ಲಿ ಎಷ್ಟು ರಿಯಾಯಿತಿ ಎಂಬ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಹೀಗೆ ಕೇಳಿದ್ದಕ್ಕೆ ಒಳ್ಳೆಯ ಶಾಲೆ ಬೇಸರಿಸುವುದಿಲ್ಲ.

ಇಂಗ್ಲೆಂಡಿನ ದಾರಿ

ಇಂಗ್ಲೆಂಡಿನ ಶಾಲಾ ಶಿಕ್ಷಕರಿಗೆ 'ಕ್ಯೂಟಿಎಸ್' ಎಂಬ ಅರ್ಹತಾ ಮಾನ್ಯತೆ ಇದೆ. ಹಿಂದೆ ಕೆಲವು ದೇಶಗಳ ಶಿಕ್ಷಕರು ಮಾತ್ರ ನೇರವಾಗಿ ಇದಕ್ಕೆ ಅರ್ಜಿ ಸಲ್ಲಿಸಬಹುದಿತ್ತು. 2023ರ ಫೆಬ್ರುವರಿಯಿಂದ ಭಾರತ, ನೈಜೀರಿಯ, ಘಾನಾ, ದಕ್ಷಿಣ ಆಫ್ರಿಕ, ಜಿಂಬಾಬ್ವೆ ಮುಂತಾದ ಇನ್ನೂ ಒಂಬತ್ತು ಕಡೆಯವರಿಗೆ ಅವಕಾಶ ಸಿಕ್ಕಿತು. ಆದರೆ ಈ ದಾರಿ ಗಣಿತ, ವಿಜ್ಞಾನ ಅಥವಾ ಭಾಷೆಗಳನ್ನು 11ರಿಂದ 16 ವರ್ಷದ ಮಕ್ಕಳಿಗೆ ಬೋಧಿಸಲು ಅರ್ಹತೆ ಪಡೆದವರಿಗೆ ಮಾತ್ರ. ಸಮಾಜ ವಿಜ್ಞಾನ, ವಾಣಿಜ್ಯ ಹಾಗೂ ಪ್ರಾಥಮಿಕ ಶಾಲಾ ಶಿಕ್ಷಕರು ಇದರ ವ್ಯಾಪ್ತಿಗೆ ಬರುವುದಿಲ್ಲ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಬೇರೆ ಮಂಡಳಿಗಳು, ಬೇರೆ ನಿಯಮಗಳು.

ಅಭ್ಯರ್ಥಿಗೆ ಬ್ರಿಟನ್ನಿನ ಪದವಿಗೆ ಸಮಾನವಾದ ಪದವಿ, ಬಿ.ಇಡಿ.ಯಂಥ ಶಿಕ್ಷಕ ತರಬೇತಿ, ತರಬೇತಿಯ ನಂತರ ಕನಿಷ್ಠ ಒಂದು ಶಾಲಾ ವರ್ಷದ ಬೋಧನಾನುಭವ ಇರಬೇಕು. ಶಿಕ್ಷಕರಾಗಿ ಮಾನ್ಯತೆಯಿದೆ, ಬೋಧನೆಗೆ ಯಾವುದೇ ನಿರ್ಬಂಧವಿಲ್ಲ ಎಂಬುದಕ್ಕೆ ಸಂಬಂಧಪಟ್ಟ ಶಿಕ್ಷಣ ಪ್ರಾಧಿಕಾರದ ಪತ್ರ ಬೇಕು. ಇಂಗ್ಲಿಷ್ ಜ್ಞಾನ 'ಬಿ2' ಎಂಬ ಮಟ್ಟದಲ್ಲಿರಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರು ವಿಶ್ವವಿದ್ಯಾಲಯದಿಂದ ಮಾಧ್ಯಮದ ಪತ್ರ ತರಬಹುದು. ಕನ್ನಡ ಮಾಧ್ಯಮದಲ್ಲಿ ಓದಿದವರು ಮಾನ್ಯತೆಯುಳ್ಳ ಭಾಷಾ ಪರೀಕ್ಷೆ ಬರೆಯಬೇಕು. ಪರೀಕ್ಷೆ ತೇರ್ಗಡೆಯಾದವರಿಗೆ ಓದಿದ ಮಾಧ್ಯಮ ಯಾವ ಅಡ್ಡಿಯೂ ಅಲ್ಲ.

ಕ್ಯೂಟಿಎಸ್ ಅರ್ಜಿಗೆ ಶುಲ್ಕವಿಲ್ಲ. ಅದನ್ನು ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ಅಭ್ಯರ್ಥಿಯೇ ತುಂಬಬಹುದು. 'ಕ್ಯೂಟಿಎಸ್ ಮಾಡಿಸಿಕೊಡುತ್ತೇವೆ' ಎಂದು ದೊಡ್ಡ ಮೊತ್ತ ಕೇಳುವವರು ಪುಕ್ಕಟೆ ಸಿಗುವುದನ್ನೇ ಮಾರುತ್ತಿದ್ದಾರೆ. ಇನ್ನೂ ಮುಖ್ಯವಾಗಿ, ಕ್ಯೂಟಿಎಸ್ ಎಂದರೆ ಕೆಲಸವೂ ಅಲ್ಲ, ವೀಸಾವೂ ಅಲ್ಲ. ಅದು ಅರ್ಹತೆಯ ಮಾನ್ಯತೆ ಅಷ್ಟೆ. ವಿದೇಶದಲ್ಲಿ ತರಬೇತಿ ಪಡೆದವರು ಅದಿಲ್ಲದೆಯೂ ಗರಿಷ್ಠ ನಾಲ್ಕು ವರ್ಷ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕಡಿಮೆ ವೇತನ ಶ್ರೇಣಿಯಲ್ಲಿ ಬೋಧಿಸಲು ಅವಕಾಶವಿದ್ದರೂ, ದೂರದ ದೇಶದಿಂದ ಒಬ್ಬರನ್ನು ಕರೆಸಿಕೊಳ್ಳುವ ಶಾಲೆ ಮಾನ್ಯತೆಯುಳ್ಳವರನ್ನೇ ಬಯಸುವುದು ಸಹಜ.

ಹುದ್ದೆಗಳ ಪಟ್ಟಿಯನ್ನು ಅಲ್ಲಿನ ಶಿಕ್ಷಣ ಇಲಾಖೆಯ ಉಚಿತ ಜಾಲತಾಣದಲ್ಲಿ ನೋಡಬಹುದು. ಸೆಪ್ಟೆಂಬರ್‌ನಲ್ಲಿ ತುಂಬಬೇಕಾದ ಹುದ್ದೆಗಳು ಜನವರಿಯಿಂದ ಮೇ ತಿಂಗಳವರೆಗೆ ಹೆಚ್ಚಾಗಿ ಪ್ರಕಟವಾಗುತ್ತವೆ. ನಮ್ಮಲ್ಲಿಯಂತೆ ಸ್ವವಿವರದ ಎರಡು ಪುಟ ಕಳುಹಿಸಿದರೆ ಸಾಲದು. ಶಾಲೆಯದೇ ಅರ್ಜಿ ನಮೂನೆಯಲ್ಲಿ ಓದು ಮುಗಿದಂದಿನಿಂದ ಈವರೆಗಿನ ಪ್ರತಿಯೊಂದು ಅವಧಿಯ ಲೆಕ್ಕ ಕೊಡಬೇಕಾಗುತ್ತದೆ. ಹೆರಿಗೆ, ಮಗುವಿನ ಪಾಲನೆ, ಹಿರಿಯರ ಆರೈಕೆ ಮುಂತಾದ ಕಾರಣಗಳಿಂದ ಕೆಲಸ ಬಿಟ್ಟಿದ್ದರೆ ಹಾಗೆಯೇ ಬರೆಯಬೇಕು. ವಿರಾಮ ದೋಷವಲ್ಲ, ವಿವರಿಸದ ವಿರಾಮ ಸಂಶಯಕ್ಕೆ ಎಡೆ. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲಾಗುತ್ತದೆ. ಸಂದರ್ಶನದಲ್ಲಿಯೂ ಮಕ್ಕಳ ರಕ್ಷಣೆಯ ಬಗ್ಗೆ ಪ್ರಶ್ನೆ ಇದ್ದೇ ಇರುತ್ತದೆ. ಮಗುವೊಂದು ಮನೆಯಲ್ಲಿ ಹೊಡೆತ ತಿನ್ನುತ್ತಿದೆ ಎಂದು ತಿಳಿದರೆ ಏನು ಮಾಡುವಿರಿ ಎಂದು ಕೇಳಿದಾಗ 'ಪೋಷಕರನ್ನು ಕರೆಸಿ ಬುದ್ಧಿ ಹೇಳುತ್ತೇನೆ' ಎಂಬ ನಮ್ಮ ಕಡೆಯ ಉತ್ತರ ಅಲ್ಲಿ ಸಲ್ಲುವುದಿಲ್ಲ. ಶಾಲೆಯಲ್ಲಿ ಆ ಹೊಣೆ ಹೊತ್ತ ಅಧಿಕಾರಿಗೆ ತಕ್ಷಣ ವರದಿ ಮಾಡಬೇಕೆಂಬುದೇ ಅಲ್ಲಿನ ಪದ್ಧತಿ.

ಶಾಲೆ ಆಯ್ಕೆ ಮಾಡಿದ ಮೇಲೆ ವೀಸಾ ಪ್ರಕ್ರಿಯೆ ಆರಂಭ. ಸರ್ಕಾರದಿಂದ ಪರವಾನಗಿ ಪಡೆದ ಶಾಲೆಯು ಪ್ರಾಯೋಜಕತ್ವ ಪತ್ರ ನೀಡುತ್ತದೆ. ಅದರ ಆಧಾರದ ಮೇಲೆ ನುರಿತ ನೌಕರರ ವೀಸಾಕ್ಕೆ ಅರ್ಜಿ. ಜೊತೆಗೆ ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರ ಹಾಗೂ ಪೊಲೀಸ್ ಪತ್ರ ಬೇಕು. ಕ್ಷಯ ತಪಾಸಣೆಗೆ ಮಾನ್ಯತೆ ಪಡೆದ ಕೇಂದ್ರಗಳು ಬೆಂಗಳೂರಿನಲ್ಲಿಯೂ ಇವೆ. ಪ್ರಾಯೋಜಕತ್ವ ಪತ್ರದ ಶುಲ್ಕವನ್ನು ನೌಕರರ ಮೇಲೆ ಹೊರಿಸುವಂತಿಲ್ಲವೆಂಬ ನಿಯಮ 2024ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದ್ದರಿಂದ ಆ ಪತ್ರವನ್ನು ಲಕ್ಷಗಟ್ಟಲೆ ಹಣಕ್ಕೆ ಮಾರುವವರಿಂದ ದೂರವಿರಬೇಕು.

ಅಮೆರಿಕ, ಮಾಲ್ಡೀವ್ಸ್

ಅಮೆರಿಕಕ್ಕೆ ಎಚ್-1ಬಿ ವೀಸಾದಲ್ಲಿ ಶಿಕ್ಷಕರನ್ನು ಕರೆಸಿಕೊಳ್ಳುವ ಪದ್ಧತಿ ಇತ್ತಾದರೂ, ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಪಾವತಿಸಬೇಕೆಂದು 2025ರ ಸೆಪ್ಟೆಂಬರ್‌ನಲ್ಲಿ ಹೊರಟ ಅಧ್ಯಕ್ಷರ ಆದೇಶ ಸಾಮಾನ್ಯ ಶಾಲೆಗಳನ್ನು ಆ ದಾರಿಯಿಂದ ಹಿಂದೆ ಸರಿಸುವಂಥದ್ದು. ಉಳಿದದ್ದು ವಿನಿಮಯ ಶಿಕ್ಷಕರ ಜೆ-1 ವೀಸಾ. ಇದಕ್ಕೆ ಪದವಿಯೊಂದಿಗೆ ಎರಡು ವರ್ಷದ ಬೋಧನಾನುಭವ ಬೇಕು. ಅವಧಿ ಮೂರು ವರ್ಷ, ವಿಸ್ತರಣೆ ಸಿಕ್ಕರೆ ಐದು. ನಂತರ ಮರಳಬೇಕು.

ಮಾಲ್ಡೀವ್ಸ್‌ನಲ್ಲಿ ದಶಕಗಳಿಂದ ಭಾರತೀಯ ಶಿಕ್ಷಕರಿದ್ದಾರೆ. ಹೋಗುವವರು ಶಾಲೆಯಿರುವುದು ಯಾವ ದ್ವೀಪದಲ್ಲಿ, ಅಲ್ಲಿಂದ ರಾಜಧಾನಿ ಮಾಲೆಗೆ ದೋಣಿಯ ಪಯಣ ಎಷ್ಟು ಹೊತ್ತು ಎಂದು ಮೊದಲು ಕೇಳಬೇಕು. ಡಾಲರ್ ಕೊರತೆಯ ಕಾರಣ ಅಲ್ಲಿನ ಬ್ಯಾಂಕುಗಳು ಊರಿಗೆ ಕಳುಹಿಸುವ ಹಣಕ್ಕೆ ಮಿತಿ ಹೇರಿದ್ದುಂಟು. ಸಂಬಳ ಎಷ್ಟು ಎಂಬುದರ ಜೊತೆಗೆ ಅದರಲ್ಲಿ ಮನೆಗೆ ಎಷ್ಟು ಕಳುಹಿಸಬಹುದು ಎಂಬುದನ್ನೂ ವಿಚಾರಿಸಬೇಕು.

ಮಧ್ಯವರ್ತಿ ಎಷ್ಟು ಕೇಳಬಹುದು?

ಎಲ್ಲ ಮಧ್ಯವರ್ತಿಗಳೂ ವಂಚಕರಲ್ಲ. ಆದರೆ ವಿದೇಶಕ್ಕೆ ನೌಕರರನ್ನು ಕಳುಹಿಸುವ ಸಂಸ್ಥೆಯು 1983ರ ವಲಸೆ ಕಾಯ್ದೆಯಡಿ ನೋಂದಣಿ ಪಡೆದಿರಬೇಕು. ಕೇಂದ್ರ ಸರ್ಕಾರದ 'ಇ-ಮೈಗ್ರೇಟ್' ಜಾಲತಾಣದಲ್ಲಿ ನೋಂದಾಯಿತ ಸಂಸ್ಥೆಗಳ ಪಟ್ಟಿ ಯಾರು ಬೇಕಾದರೂ ನೋಡುವಂತಿದೆ. ನಿಯಮದಂತೆ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ಬ್ರಿಟನ್ನಿನಲ್ಲಂತೂ ಕೆಲಸ ಹುಡುಕಿಕೊಟ್ಟದ್ದಕ್ಕೆ ಅಭ್ಯರ್ಥಿಯಿಂದ ಹಣ ಪಡೆಯುವುದನ್ನು ಏಜೆನ್ಸಿಗಳಿಗೆ 1973ರ ಕಾನೂನೇ ನಿಷೇಧಿಸಿದೆ.

ಶುಲ್ಕದ ಬಲೆ ಎಷ್ಟು ಆಳವಾಗಿರಬಲ್ಲದು ಎಂಬುದಕ್ಕೆ ಅಮೆರಿಕದ ಲೂಸಿಯಾನ ರಾಜ್ಯದ ಪ್ರಕರಣ ಸಾಕ್ಷಿ. 2007ರಿಂದ ಅಲ್ಲಿನ ಸರ್ಕಾರಿ ಶಾಲೆಗಳಿಗೆ ಫಿಲಿಪ್ಪೀನ್ಸ್‌ನಿಂದ 350ಕ್ಕೂ ಹೆಚ್ಚು ಶಿಕ್ಷಕರು ಬಂದರು. ಶಾಲೆಗಳೂ ನಿಜ, ಹುದ್ದೆಗಳೂ ನಿಜ, ವೀಸಾಗಳೂ ನಿಜ. ಆದರೆ ನೇಮಕಾತಿ ಸಂಸ್ಥೆ ಪ್ರತಿಯೊಬ್ಬರಿಂದ ಸುಮಾರು 16 ಸಾವಿರ ಡಾಲರ್ ಕಂತುಗಳಲ್ಲಿ ವಸೂಲು ಮಾಡಿತ್ತು. ಮೊದಲ ಕಂತು ಕಟ್ಟಿದವರಿಗೆ ಹಿಂದೆ ಸರಿಯುವ ದಾರಿ ಇರಲಿಲ್ಲ. ಉಳಿದ ಕಂತಿಗೆ ಅವರು ದುಬಾರಿ ಬಡ್ಡಿಗೆ ಸಾಲ ಮಾಡಿದರು. ತರಗತಿಯಲ್ಲಿ ಪಾಠ, ಹೊರಗೆ ಸಾಲದ ಭಯ. ಶಿಕ್ಷಕರು 2010ರಲ್ಲಿ ನ್ಯಾಯಾಲಯದ ಮೊರೆ ಹೋದರು. 2012ರ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿಯು ನೇಮಕಾತಿ ಸಂಸ್ಥೆ ಮತ್ತು ಅದರ ಮಾಲೀಕರು ಸುಮಾರು 45 ಲಕ್ಷ ಡಾಲರ್ ಪರಿಹಾರ ನೀಡಬೇಕೆಂದು ತೀರ್ಪಿತ್ತಿತು. ಕೆಲಸ ನಿಜವಾಗಿದ್ದರೆ ಮೋಸವಿಲ್ಲ ಎಂದು ನಂಬುವವರು ಈ ಪ್ರಕರಣವನ್ನು ನೆನಪಿನಲ್ಲಿಡಬೇಕು.

ನಮ್ಮಲ್ಲಿ ಹೆಚ್ಚು ಕಾಣುವ ಇನ್ನೊಂದು ಬಗೆಯೆಂದರೆ 'ಮೊದಲು ಸಂದರ್ಶನ ವೀಸಾದಲ್ಲಿ ಬನ್ನಿ, ಆಮೇಲೆ ಕೆಲಸದ ವೀಸಾಕ್ಕೆ ಬದಲಿಸೋಣ' ಎಂಬ ಮಾತು. ಸಂದರ್ಶನ ವೀಸಾದಲ್ಲಿ ದುಡಿಯುವುದು ಕಾನೂನುಬಾಹಿರ. ಸಂಬಳ ಕೊಡದಿದ್ದರೆ ದೂರು ನೀಡಲು ಕರಾರಿಲ್ಲ. ಅವಧಿ ಮೀರಿದರೆ ದಂಡ ತೆರಬೇಕಾದವರು ಶಿಕ್ಷಕರೇ, ಕರೆಸಿಕೊಂಡವರಲ್ಲ.

ಸಂಶಯ ಬಂದಾಗ ಪತ್ರದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡುವುದರಿಂದ ಪ್ರಯೋಜನವಿಲ್ಲ. ಶಾಲೆಯ ಅಧಿಕೃತ ಜಾಲತಾಣದಿಂದ ಸಂಖ್ಯೆ ಪಡೆದು ಹುದ್ದೆಯ ಬಗ್ಗೆ ವಿಚಾರಿಸಬೇಕು. ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಬರೆದು ಕೇಳಬಹುದು. ರಾಜ್ಯದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ವಿದೇಶದಲ್ಲಿ ತೊಂದರೆಗೆ ಸಿಲುಕಿದವರು ವಿದೇಶಾಂಗ ಸಚಿವಾಲಯವು 2015ರಲ್ಲಿ ಆರಂಭಿಸಿದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು.

ದೂರದ ಬೆಟ್ಟದ ಲೆಕ್ಕ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತು ವಿದೇಶಿ ಸಂಬಳಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಂಗ್ಲೆಂಡಿನಲ್ಲಿ ಲಂಡನ್ ಹೊರಗಿನ ಅರ್ಹ ಶಿಕ್ಷಕರ ಆರಂಭಿಕ ವೇತನ 2025-26ನೇ ಸಾಲಿನಲ್ಲಿ ವರ್ಷಕ್ಕೆ 32,916 ಪೌಂಡ್. ರೂಪಾಯಿಗೆ ಗುಣಿಸಿದರೆ ದೊಡ್ಡ ಮೊತ್ತವೇ. ಆದರೆ ತೆರಿಗೆ, ವಿಮೆ, ಪಿಂಚಣಿ ಕಡಿತ, ಬಾಡಿಗೆ, ಚಳಿಗಾಲದ ಇಂಧನ ಎಲ್ಲವೂ ಪೌಂಡಿನಲ್ಲಿಯೇ ಕೊಡಬೇಕಾದವು. ಹೊರಡುವ ಮೊದಲೇ ಕಟ್ಟಬೇಕಾದ ಆರೋಗ್ಯ ಮೇಲ್ತೆರಿಗೆ 2024ರ ಫೆಬ್ರುವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ಪತಿ, ಪತ್ನಿ, ಒಂದು ಮಗುವಿಗೆ ಮೂರು ವರ್ಷದ ವೀಸಾ ಬೇಕಾದರೆ ಈ ಒಂದು ಬಾಬಿಗೇ 8,538 ಪೌಂಡ್. ವೀಸಾ ಶುಲ್ಕ ಬೇರೆ. ಇದರಲ್ಲಿ ಶಾಲೆ ಎಷ್ಟು ಭರಿಸುತ್ತದೆ ಎಂಬುದನ್ನು ಕರಾರಿಗೆ ಸಹಿ ಹಾಕುವ ಮೊದಲೇ ಕೇಳಬೇಕು. ಮೊದಲ ವರ್ಷ ಒಬ್ಬರೇ ಹೋಗಿ, ನೆಲೆ ನಿಂತ ಮೇಲೆ ಕುಟುಂಬವನ್ನು ಕರೆಸಿಕೊಳ್ಳುವುದು ಲೆಕ್ಕದ ದೃಷ್ಟಿಯಿಂದ ಹಗುರ.

ಕೊಲ್ಲಿಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲದಿರುವುದು ಲಾಭ. ಆದರೆ ಭಾರತೀಯ ಶಾಲೆಗಳ ಸಂಬಳ ಬ್ರಿಟಿಷ್ ಪಠ್ಯಕ್ರಮದ ಶಾಲೆಗಳಿಗಿಂತ ಸಾಕಷ್ಟು ಕಡಿಮೆ. ವಸತಿ ಕೊಡದ ಶಾಲೆಯಾದರೆ ಬಾಡಿಗೆಯೇ ಬಹುಪಾಲನ್ನು ನುಂಗೀತು.

ಮರೆಯಬಾರದ ಕ್ರಮ

ಮೊದಲು ಹೆಸರು ಮತ್ತು ದಾಖಲೆ ಸರಿಪಡಿಸಿಕೊಳ್ಳಿ. ನಂತರ ಶಾಲೆಗೆ ನೇರವಾಗಿ ಅರ್ಜಿ ಸಲ್ಲಿಸಿ. ಸಂದರ್ಶನ ಮತ್ತು ಮಾದರಿ ಪಾಠದ ಬಳಿಕ ಬರವಣಿಗೆಯಲ್ಲಿ ಕರಾರು ಪಡೆಯಿರಿ. ಆ ಶಾಲೆಯೂ ಆ ಹುದ್ದೆಯೂ ನಿಜವೆಂದು ಬೇರೆ ಮೂಲದಿಂದ ಖಚಿತಪಡಿಸಿಕೊಳ್ಳಿ. ಆನಂತರ ದೃಢೀಕರಣ, ಪೊಲೀಸ್ ಪತ್ರ, ವೀಸಾ. ಈಗಿರುವ ಕೆಲಸಕ್ಕೆ ರಾಜೀನಾಮೆ ಎಲ್ಲಕ್ಕಿಂತ ಕೊನೆಗೆ, ಉದ್ಯೋಗದ ವೀಸಾ ಕೈಗೆ ಬಂದ ಮೇಲೆ. ಶಾಲೆಗೆ ಕೊಡಬೇಕಾದ ಮುನ್ಸೂಚನೆಯ ಅವಧಿಯನ್ನು ಮೊದಲೇ ತಿಳಿದಿದ್ದು, ಸೇರುವ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ನಿಯಮಗಳೂ ಶುಲ್ಕಗಳೂ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಜಾಲತಾಣವನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಆರಂಭದಲ್ಲಿ ಹೇಳಿದ ಶಿಕ್ಷಕಿಗೆ ಬಂದ ಸಂದೇಶವನ್ನು ಈಗ ಇನ್ನೊಮ್ಮೆ ಓದಬಹುದು. ಸಂದರ್ಶನವಿಲ್ಲ ಎನ್ನುತ್ತದೆ. ಪಾಠ ನೋಡದೆ ಶಿಕ್ಷಕಿಯನ್ನು ಆರಿಸುವ ಶಾಲೆ ಇರಲಾರದು. ನೋಂದಣಿ ಶುಲ್ಕ ಕೇಳುತ್ತದೆ. ಶಾಲೆಗಳು ಅರ್ಜಿದಾರರಿಂದ ಶುಲ್ಕ ಕೇಳುವುದಿಲ್ಲ. ಶಾಲೆಯ ಹೆಸರನ್ನೇ ಅದು ಹೇಳುವುದಿಲ್ಲ. ಅವರು ಅದನ್ನು ಅಳಿಸಿಹಾಕಲಿ. ಆದರೆ ಅದರೊಂದಿಗೆ ಆಸೆಯನ್ನೂ ಅಳಿಸಿಹಾಕಬೇಕಿಲ್ಲ. ಗಣಿತ ಬಲ್ಲ, ಹತ್ತು ವರ್ಷದ ಅನುಭವವಿರುವ ಶಿಕ್ಷಕಿಯ ಅಗತ್ಯ ನಿಜವಾಗಿಯೂ ಅನೇಕ ಶಾಲೆಗಳಿಗಿದೆ. ಈ ವಾರ ಅವರು ಮಾಡಬೇಕಾದ ಮೊದಲ ಕೆಲಸ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪತ್ರ ಮತ್ತು ಪಾಸ್‌ಪೋರ್ಟನ್ನು ಹೊರತೆಗೆದು ಮೂರರಲ್ಲೂ ಹೆಸರು ಒಂದೇ ಇದೆಯೇ ಎಂದು ನೋಡುವುದು. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.